ಬೇವಿನಮನೆಯ ಪಾಳಿ

ಮಿರಜ
7 ಅಕ್ಟೋಬರ್ 2024

ಚಿ. ಸೌ. ಬಸವೇಶ್ವರಿಗೆ ಉಮಾಬಾಯಿಯ ಆಶೀರ್ವಾದ.

ಸೊಂಟಕ್ಕೆ ಹೊಸ ಕೀಲು ಕೂಡಿಸಿದ್ದಾರೆ. ಇದು ಇಪ್ಪತ್ತು ವರ್ಷ ಬಾಳುತ್ತದೆ ಎಂದು ಡಾಕ್ಟರು ಹೆಮ್ಮೆಯಿಂದ ಹೇಳಿದರು. ನನಗೇ ಎಪ್ಪತ್ತಾಯಿತಲ್ಲ, ಉಳಿದದ್ದನ್ನು ಯಾರ ಹೆಸರಿಗೆ ಬರೆದಿಡಲಿ ಎಂದು ಕೇಳಿದೆ. ವೃಂದಾಗೆ ಸಿಟ್ಟು ಬಂತು. ಮಗಳ ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದವಳು ನಗಲೂಬಾರದೇನು. ಮೂರು ನಾಲ್ಕು ತಿಂಗಳು ಬಸ್ಸು ಹತ್ತುವಂತಿಲ್ಲ ಎಂದಿದ್ದಾರೆ.

ಫೋನಿನಲ್ಲಿ ನನ್ನ ದನಿ ಕೇಳಿದರೆ ಅನೂಪ ಕಪಾಟಿನ ಹಿಂದೆ, ಬಾಗಿಲ ಹಿಂದೆ ನನ್ನನ್ನು ಹುಡುಕುತ್ತಾನೆ, ಸಿಗದಿದ್ದರೆ ಹಣೆ ಬಡಿದುಕೊಳ್ಳುತ್ತಾನೆ ಎಂದೆಯಲ್ಲ, ಅದಕ್ಕೇ ಈ ಕಾಗದ. ಕಾಗದಕ್ಕೆ ದನಿಯಿಲ್ಲ. ನನ್ನ ಮಾತನ್ನು ಅವನು ನಿನ್ನ ದನಿಯಲ್ಲಿ ಕೇಳಲಿ. ಕೆಳಗಿನದನ್ನು ಬೇವಿನ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಓದು.

ಅನೂಪಾ, ಅಮ್ಮ ಮಿರಜದಲ್ಲಿ ಇದ್ದಾಳೆ. ಅಮ್ಮನ ಕಾಲು ನೋಯುತ್ತದೆ. ಕಾಲು ವಾಸಿಯಾದ ಮೇಲೆ ಅಮ್ಮ ಬರುತ್ತಾಳೆ. ಬಸವೇಶ್ವರಿ ರೊಟ್ಟಿ ಮಾಡುತ್ತಾಳೆ. ಅನೂಪ ರೊಟ್ಟಿ ತಿನ್ನುತ್ತಾನೆ. ಟಪಾಲು ಮುಗಿಯಿತು.

ಇಲ್ಲಿಂದ ಮುಂದೆ ನಿನಗೊಬ್ಬಳಿಗೆ. ನಿಮ್ಮ ಮಗ ಯಾವ ಕ್ಲಾಸು ಎಂದು ಇಲ್ಲಿಯ ನೆರೆಯವರು ಕೇಳುತ್ತಾರೆ. ಆಟಿಸಂ ಎಂದೊಡನೆ ಎಲ್ಲರೂ ಚಿಕ್ಕ ಹುಡುಗನನ್ನು ನೆನೆಸಿಕೊಳ್ಳುತ್ತಾರೆ. ಮೂವತ್ತೆರಡು ವರ್ಷದ, ಎರಡು ದಿನಕ್ಕೊಮ್ಮೆ ಗಡ್ಡ ಮಾಡಬೇಕಾದ ಗಂಡಸು ಎಂದರೆ ಮಾತು ಬೇರೆಡೆ ತಿರುಗಿಸುತ್ತಾರೆ. ಶಾಲೆಗಳೆಲ್ಲ ಮಕ್ಕಳಿಗೆ ಇದ್ದವು. ದೊಡ್ಡವರಾದ ಮೇಲೆ ಇಂಥವರು ಎಲ್ಲಿರಬೇಕು ಎಂದು ಯಾರೂ ಯೋಚಿಸಿರಲಿಲ್ಲ. ದೌಲತರಾಯರು ತಮ್ಮ ತಂದೆಯ ಜಾಗದಲ್ಲಿ ಇಂಥ ದೊಡ್ಡವರಿಗಾಗಿಯೇ ಬೇವಿನಮನೆ ಕಟ್ಟಿದ ಮೇಲೆ, ಅವರನ್ನು ನೋಡಿಕೊಳ್ಳಲು ನೀನು ಅಲ್ಲಿಗೆ ಬಂದ ಮೇಲೆ, ನನಗೆ ನಿದ್ದೆ ಹತ್ತತೊಡಗಿತು. ಹಾಸಿಗೆಯಲ್ಲಿ ಬಿದ್ದು ಅದನ್ನೇ ನೆನೆಯುತ್ತೇನೆ.

ನಿನ್ನ
ಉಮಾಬಾಯಿ


ಅಫಜಲಪುರ
17 ಅಕ್ಟೋಬರ್ 2024

ಪೂಜ್ಯ ಅಕ್ಕೋರಿಗೆ ಬಸವೇಶ್ವರಿಯ ಶರಣು.

ನಿಮ್ಮ ಕಾಗದವನ್ನು ಪೋಸ್ಟಿನವರು ಅನೂಪನ ಕೈಗೇ ಕೊಟ್ಟರು. ಮೂಸಿ ನೋಡಿದ, ಕಿವಿಗೆ ಹಿಡಿದ, ಆಮೇಲೆ ನನ್ನ ಮಡಿಲಿಗೆ ಹಾಕಿ ಕಟ್ಟೆ ತೋರಿಸಿದ. ಓದಿದೆ. ಮುಗಿದ ಕೂಡಲೇ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ನನ್ನ ಗದ್ದ ಹಿಡಿದು ತಿರುಗಿಸಿ ಮತ್ತೆ ಮತ್ತೆ ಓದಿಸಿದ. ಒಲೆಯ ಮೇಲಿನ ಬೇಳೆ ಸೀದುಹೋಯಿತು. ನಿಮ್ಮ ಮಗನ ದೆಸೆಯಿಂದ ಆವತ್ತು ಮನೆಯವರೆಲ್ಲ ಸೀದ ಬೇಳೆ ಉಂಡರು.

ಇನ್ನೊಂದು ಸುದ್ದಿ. ಅವನು ಮಂದಿಯನ್ನೆಲ್ಲ ವಸ್ತುವಿನ ಹೆಸರಿನಿಂದ ಕರೆಯುವುದು ನಿಮಗೆ ಗೊತ್ತು. ನಾನು ರೊಟ್ಟಿ. ದೌಲತರಾಯ ಸಾಹೇಬರು ಕಾರು. ಮೊನ್ನೆ ಗೋಡೆಯ ಮೇಲಿರುವ ನಿಮ್ಮ ಫೋಟೋ ಮುಂದೆ ನಿಂತು "ಟಪಾಲು" ಎಂದ. ಹೆಸರು ಹಿಡಿಸದಿದ್ದರೆ ನನ್ನನ್ನು ಬೈಯಬೇಡಿ, ಇಟ್ಟವನು ಅವನು.

ನೀವಿಲ್ಲದ ಕೊರಗು ಅವನಿಗಿದೆ. ಬಲಗೆನ್ನೆಗೆ ಗುದ್ದಿಕೊಳ್ಳುತ್ತಾನೆ, ಬಿಸಿ ರೊಟ್ಟಿ ಬೇಡ ಎನ್ನುತ್ತಾನೆ. ಅಮ್ಮನ ನೆನಪು, ಸಮಾಧಾನ ಮಾಡಬೇಕು ಎಂದು ಹೊರಗಿನ ಓಣಿಯಲ್ಲಿ ಅಡ್ಡಾಡಿಸುತ್ತಿದ್ದೇನೆ.

ರವಿವಾರ ಆಳಂದದ ಮನೆಯವರು, ಜೇವರ್ಗಿ ಮನೆಯವರು ಇಲ್ಲಿಗೆ ಬಂದಿದ್ದರು. ಮೂರೂ ಮನೆ ದೌಲತರಾಯ ಸಾಹೇಬರ ಒಂದೇ ಮಂಡಳಿಯವು, ನಡೆಸುವ ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಜೇವರ್ಗಿಯ ಯಶೋಧರಾ ಎಂಬಾಕೆ ಮಂಡಳಿಗೂ ಕಲಬುರಗಿಯ ಜಿಲ್ಲಾ ಕಚೇರಿಗೂ ಮನವಿ ಬರೆದಳು. ಮಂಡಳಿ ನಮಗೆ ಕೊಡುವುದಕ್ಕೆ ಗೌರವಧನ ಎಂದು ಹೆಸರು. ಕೆಲಸಗಾರರು ಎಂದು ಎಲ್ಲಿಯೂ ನಮ್ಮ ಹೆಸರಿಲ್ಲ. ವಾರದ ರಜೆ ಇಲ್ಲ, ಬಿದ್ದರೆ ದವಾಖಾನೆ ಖರ್ಚಿಲ್ಲ. ಪಗಾರ ಎಂದು ಕರೆದು ಪಗಾರದಷ್ಟು ಕೊಡಿ ಎಂದು ಕೇಳಿದ್ದೇವೆ. ನಾನೂ ಸಹಿ ಮಾಡಿದೆ. ನಿಮಗೆ ತಿಳಿದಿರಲಿ ಎಂದು ಬರೆದೆ.

ನಿಮ್ಮ
ಬಸವೇಶ್ವರಿ


ಮಿರಜ
28 ಅಕ್ಟೋಬರ್ 2024

ಚಿ. ಸೌ. ಬಸವೇಶ್ವರಿಗೆ,

ಅದು ನನ್ನ ನೆನಪಲ್ಲ, ಹಲ್ಲು ನೋವು. ಬಲಗೆನ್ನೆ, ಬಿಸಿ ರೊಟ್ಟಿ ಬೇಡ, ಇನ್ನೇನು ಬೇಕು ಗುರುತು. ಚಿಕ್ಕಂದಿನಲ್ಲಿ ಕಿವಿ ನೋವಿಗೆ ಗೋಡೆಗೆ ಭುಜ ತಿಕ್ಕುತ್ತಿದ್ದ. ಗ್ರಹ ಬಡಿದಿದೆ ಎಂದು ನಮ್ಮ ಮನೆಯವರು ತಾಯಿತ ಕಟ್ಟಿಸಿಕೊಂಡು ಬಂದರು. ಕಾಗದ ಮುಟ್ಟಿದ ಮರುದಿನವೇ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗು. ಕುರ್ಚಿಯ ಮೇಲಿನ ದೀಪವನ್ನು ಮೊದಲು ಆರಿಸಲು ಹೇಳು, ಅದು ಹೊತ್ತಿದ್ದರೆ ಅವನು ಕೂಡುವುದಿಲ್ಲ.

ಅನೂಪಾ, ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾಳೆ. ಅನೂಪ ಡಾಕ್ಟರ ಮನೆಗೆ ಹೋಗುತ್ತಾನೆ. ಬಾಯಿ ತೆರೆಯುತ್ತಾನೆ. ಬಾಯಿ ಮುಚ್ಚುತ್ತಾನೆ. ಮನೆಗೆ ಬರುತ್ತಾನೆ. ಟಪಾಲು ಮುಗಿಯಿತು.

ಇಲ್ಲಿಂದ ಮುಂದೆ ನಿನಗೊಬ್ಬಳಿಗೆ. ಹೆಸರು ಹಿಡಿಸಿತೇ ಎಂದು ಕೇಳಿದ್ದೀಯಾ. ಮೂವತ್ತೆರಡು ವರ್ಷದಲ್ಲಿ ಅವನು ನನ್ನನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ ಬಸವೇಶ್ವರಿ. ಬೇಕಾದ್ದಕ್ಕೆ ಕೈ ಹಿಡಿದು ಎಳೆಯುತ್ತಿದ್ದ, ಅಷ್ಟೇ. ಕಾಗದ ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡು ಅತ್ತೆ. ಕೀಲು ನೋಯುತ್ತಿದೆಯೇ ಎಂದು ವೃಂದಾ ಗುಳಿಗೆ ಕೊಟ್ಟಳು, ನುಂಗಿದೆ.

ನಿನ್ನ ಮನವಿಯ ಮಾತನ್ನು ಮಾತ್ರ ಎರಡು ಸಲ ಓದಿದೆ. ಯಶೋಧರಾ ಯಾರೋ ಏನೋ, ನೀನು ಅಂಥವಳಲ್ಲ. ಅನೂಪನ ವಾಂತಿಯನ್ನು ನೀನು ಅಂಗೈಯಲ್ಲಿ ಹಿಡಿದದ್ದು ನೋಡಿದ್ದೇನೆ. ಅದಕ್ಕೆ ಪಗಾರ ಕಟ್ಟಲು ಆದೀತೇ? ಅದು ಸೇವೆ. ಬಸವಣ್ಣನ ಒಕ್ಕಲಿನವಳಿಗೆ ನಾನು ಹೇಳಿಕೊಡಬೇಕೇ. ನೀನು ಬಿಟ್ಟು ಹೋಗುವ ವಿಚಾರವೇನಾದರೂ ಇದೆಯೇ, ನೇರ ಹೇಳಿಬಿಡು.

ನಿನ್ನ
ಉಮಾಬಾಯಿ


ಅಫಜಲಪುರ
12 ನವೆಂಬರ್ 2024

ಪೂಜ್ಯ ಅಕ್ಕೋರಿಗೆ ಶರಣು.

ಹಲ್ಲೇ. ನೀವು ಗೆದ್ದಿರಿ. ದೀಪ ಆರಿಸಿದರೆ ನನಗೆ ಕಾಣುವುದು ಹೇಗೆ ಎಂದು ಡಾಕ್ಟರು ತಕರಾರು ಮಾಡಿದರು. ಕುರ್ಚಿಯನ್ನೇ ಕಿಟಕಿಯ ಕಡೆ ತಿರುಗಿಸಿದೆವು. ನಿಮ್ಮ ಕಾಗದದಲ್ಲಿದ್ದ ಹಾಗೆಯೇ ಬಾಯಿ ತೆರೆದ, ಮುಚ್ಚಿದ, ಮನೆಗೆ ಬಂದ. ನಡುವೆ ಡಾಕ್ಟರ ಬೆರಳು ಕಚ್ಚಿದ್ದು ಕಾಗದದಲ್ಲಿ ಇರಲಿಲ್ಲ. ಈಗ ಬಿಸಿ ರೊಟ್ಟಿ ತಿನ್ನುತ್ತಾನೆ. ನಾನು ರೊಟ್ಟಿ ಬಡಿಯುವಾಗ ಹಲಗೆಯ ಅಂಚಿಗೆ ಅಂಗೈ ಊರಿ ಕೂಡುತ್ತಾನೆ. ಆ ಬಡಿತ ಕೈಗೆ ಹತ್ತುತ್ತಿದ್ದರೆ ಅವನ ಮೈ ಸಡಿಲಾಗುತ್ತದೆ. ನಾನಿಷ್ಟು ದಿನ ಓಣಿಯಲ್ಲಿ ಸುಮ್ಮನೆ ಅಡ್ಡಾಡಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಸೇವೆಯ ಮಾತು ಬರೆದಿದ್ದೀರಿ. ನಮ್ಮಲ್ಲಿ ಕಾಯಕ ಬೇರೆ, ದಾಸೋಹ ಬೇರೆ ಅಕ್ಕೋರೇ. ಕಾಯಕ ಮಾಡಿ ದುಡಿದದ್ದು ಕೈಗೆ ಬಂದ ಮೇಲಲ್ಲವೇ ಅದರಲ್ಲಿ ದಾಸೋಹ ಮಾಡುವುದು. ಕೈಗೇ ಬಾರದ್ದನ್ನು ಯಾರಿಗೆ ನೀಡಲಿ? ಮಂಡಳಿಯವರು ನನ್ನ ಕಾಯಕವನ್ನೇ ತಮ್ಮ ದಾಸೋಹದ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ. ನೀವು ಶಾಲೆ ಕಲಿಸಿದಿರಿ, ಮಕ್ಕಳ ಮೇಲೆ ಜೀವ ಇಟ್ಟುಕೊಂಡೇ ಕಲಿಸಿದಿರಿ. ಪಗಾರ ಬೇಡ ಎಂದಿರೇನು?

ಹೆಚ್ಚು ಬರೆದಿದ್ದರೆ ಕ್ಷಮಿಸಿ. ಹೋಗುವ ಮಾತಿಗೆ ಈಗ ಏನೂ ಹೇಳಲಾರೆ.

ಬಸವೇಶ್ವರಿ


ಮಿರಜ
21 ನವೆಂಬರ್ 2024

ಚಿ. ಸೌ. ಬಸವೇಶ್ವರಿಗೆ,

ನಿನ್ನ ಸಿಟ್ಟು ನನಗೆ ತಿಳಿಯುತ್ತದೆ. ದುಡಿಯುವವಳನ್ನು ಯಾರೂ ಗುರುತಿಸದಿದ್ದರೆ ಸಿಟ್ಟು ಬರದೇ ಇರುತ್ತದೆಯೇ. ಬರೀ ಕಾಗದದಲ್ಲಿ ಹೊಗಳಿದರೆ ಸಾಲದು ಎಂದು ನನಗೂ ಅನಿಸಿದೆ. ಡಿಸೆಂಬರ್ ಮೂರರಂದು ಬೇವಿನಮನೆಯಲ್ಲಿ ಅಂಗವಿಕಲರ ದಿನದ ಕಾರ್ಯಕ್ರಮ ಇದೆಯಲ್ಲ, ದೌಲತರಾಯರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಏನೆಂದು ಕೇಳಬೇಡ. ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕೂಡು, ಅಷ್ಟೇ. ವೃಂದಾಳನ್ನು ಅಂಗಡಿ ಅಂಗಡಿ ಸುತ್ತಿಸಿ ಸಾಕು ಮಾಡಿದ್ದೇನೆ.

ಅನೂಪಾ, ಅಮ್ಮ ಒಂದು ಗಂಟು ಕಳಿಸುತ್ತಾಳೆ. ಗಂಟು ಅನೂಪನದಲ್ಲ. ಗಂಟು ಬಸವೇಶ್ವರಿಯದು. ಅನೂಪ ಚಪ್ಪಾಳೆ ತಟ್ಟುವುದಿಲ್ಲ, ಕಿವಿ ಮುಚ್ಚಿಕೊಳ್ಳುತ್ತಾನೆ. ಹಾಗೆ ಮಾಡಬಹುದು. ಟಪಾಲು ಮುಗಿಯಿತು.

ನಿನ್ನ
ಉಮಾಬಾಯಿ


ಅಫಜಲಪುರ
5 ಡಿಸೆಂಬರ್ 2024

ಉಮಾಬಾಯಿ ಅಕ್ಕೋರಿಗೆ,

ಹಸಿರು ಇಳಕಲ್ ಸೀರೆ ಮುಟ್ಟಿತು. ಬಹಳ ಚೆನ್ನಾಗಿದೆ. ಇನ್ನೂ ಉಟ್ಟಿಲ್ಲ.

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಮ್ಮ ಮನವಿ ಕೇಳಲು ಕಲಬುರಗಿಯಿಂದ ಒಬ್ಬ ಅಧಿಕಾರಿ ಆವತ್ತೇ ಬಂದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅವರ ಮುಂದೆ ಮೂರೂ ಮನೆಯವರ ಪರವಾಗಿ ಮಾತಾಡಬೇಕಾದವಳು ನಾನು. ಅದಕ್ಕೆ ಮುಂಚೆ ನನ್ನನ್ನು ವೇದಿಕೆಗೆ ಕರೆದರು. ದೌಲತರಾಯ ಸಾಹೇಬರ ಮನೆಯವರು ನಿಮ್ಮ ಹೆಸರು ಹೇಳಿ ನನ್ನ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಸೀರೆ ಹಾಕಿ ಉಡಿ ತುಂಬಿದರು. ಮುತ್ತೈದೆಯಾದವಳು ಉಡಿ ಬೇಡ ಎನ್ನುವಂತಿಲ್ಲ, ಸೆರಗು ಒಡ್ಡಿ ನಿಂತೆ. ಸಾಹೇಬರು ಮೈಕು ಹಿಡಿದು, "ನಮ್ಮ ಬಸವೇಶ್ವರಿ ಪಗಾರ ಕೇಳಾಕಿ ಅಲ್ರಿ, ಸೇವಾ ಮಾಡಾಕಿ. ಪಾಲಕರೇ ಉಡಿ ತುಂಬ್ಯಾರ, ಇದಕ್ಕಿಂತ ದೊಡ್ಡ ಪಗಾರ ಯಾವುದದ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತುಂಬಿದ ಉಡಿ ಹಿಡಿದುಕೊಂಡು ಪಗಾರದ ಮಾತು ಹೇಗೆ ಎತ್ತಲಿ? ಎತ್ತದೆಯೇ ಕೆಳಗಿಳಿದೆ. ಅಧಿಕಾರಿ ಚಹಾ ಕುಡಿದು ಹೋದರು.

ಯಶೋಧರಾ ಜೇವರ್ಗಿ ಬಸ್ಸು ಹತ್ತುವಾಗ, "ನಿನ್ನ ಉಡಿ ತುಂಬ್ಯದ ಬಿಡಬೇ. ನಮ್ಮ ಸೆರಗು ಇನ್ನಾ ಖಾಲಿನೇ ಅದ" ಎಂದಳು. ಎರಡು ದಿನದಿಂದ ಯಾರೂ ನನ್ನ ಫೋನು ಎತ್ತುತ್ತಿಲ್ಲ. ನಾನು ಮಂಡಳಿಗೆ ಮಾರಿಕೊಂಡೆ ಎಂದು ಆಳಂದದಲ್ಲಿ ಆಡಿಕೊಳ್ಳುತ್ತಿದ್ದಾರೆ.

ನೇರ ಹೇಳು ಎಂದಿದ್ದಿರಿ, ಈಗ ಹೇಳುತ್ತೇನೆ. ಹವಳಗಾದ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಮಾಡಲು ಕರೆದಿದ್ದಾರೆ. ನಮ್ಮ ಮನೆಯವರು ಗುರಣ್ಣ ಅಲ್ಲಿಗೇ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾರೆ, ಅವರೇ ಮಾತಾಡಿದ್ದು. ಅಲ್ಲಿ ಪಗಾರಕ್ಕೆ ಪಗಾರ ಎನ್ನುತ್ತಾರೆ, ವಾರಕ್ಕೊಂದು ರಜೆ ಕೊಡುತ್ತಾರೆ. ದೀಪಾವಳಿಯಿಂದ ಇದನ್ನು ನಿಮಗೆ ಬರೆಯದೆ ಮುಚ್ಚಿಟ್ಟಿದ್ದೆ. ಬರೆಯಲು ಮನಸ್ಸು ಬರಲಿಲ್ಲ.

ಅನೂಪ ಚೆನ್ನಾಗಿದ್ದಾನೆ. ಕಿವಿ ಮುಚ್ಚಿಕೊಂಡೇ ಕೂತಿದ್ದ.

ಬಸವೇಶ್ವರಿ


ಮಿರಜ
14 ಡಿಸೆಂಬರ್ 2024

ಬಸವೇಶ್ವರಿಗೆ,

ಮಗಳಿಗೆ ತುಂಬಿದ ಹಾಗೆ ನಿನಗೆ ಉಡಿ ತುಂಬಿಸಿದೆ. ಅದನ್ನು ನೀನು ಬಾಯಿಗೆ ಹಾಕಿದ ಬೀಗ ಎಂದು ತಿಳಿದೆ. ಅಧಿಕಾರಿ ಬರುವುದು ನನಗೇನು ಗೊತ್ತು. ದೌಲತರಾಯರು ಏನು ಮಾತಾಡುತ್ತಾರೆ ಎಂದು ಮಿರಜದಲ್ಲಿ ಮಲಗಿದವಳಿಗೆ ಹೇಗೆ ತಿಳಿಯಬೇಕು.

ಹೋಗುವುದಿದ್ದರೆ ಹೋಗು. ನೀನು ಬರುವ ಮುಂಚೆಯೂ ಅನೂಪ ಇದ್ದ. ನಾನು ಇದ್ದೆ.

ಉಮಾಬಾಯಿ


ಕರಜಗಿ
31 ಡಿಸೆಂಬರ್ 2024

ಪೂಜ್ಯ ಅಕ್ಕೋರಿಗೆ ಶರಣು ಶರಣಾರ್ಥಿ.

ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದಿದ್ದೇನೆ. ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗಬೇಕು, ಅಷ್ಟರಲ್ಲಿ ಇದನ್ನು ಮುಗಿಸುತ್ತೇನೆ.

ನಿಮ್ಮ ಹಿಂದಿನ ಕಾಗದದಲ್ಲಿ ಅನೂಪನ ಭಾಗ ಇರಲಿಲ್ಲ. ಅವನು ಅದನ್ನು ತಂದು ಮಡಿಲಿಗೆ ಹಾಕಿ ಕಟ್ಟೆ ತೋರಿಸಿದ. ನಾನೇನು ಓದಲಿ? ಹಳೆಯ ಕಾಗದದ ಮಾತನ್ನೇ ನೆನಪಿನಿಂದ ಹೇಳಿದೆ, ಅಮ್ಮ ಕೋಲು ಹಿಡಿದು ನಡೆಯುತ್ತಾಳೆ ಎಂದು. ಅವನು ಕಾಗದ ಕಸಿದುಕೊಂಡು ನನ್ನ ಮುಖಕ್ಕೆ ಹಿಡಿದ. ಸುಳ್ಳು ಓದುತ್ತಿದ್ದೇನೆ ಎಂದು ಗೊತ್ತಾಗಿತ್ತು. ಅಂದಿನಿಂದ ಪೋಸ್ಟಿನವರು ಬರುವ ಹೊತ್ತಿಗೆ ಗೇಟಿಗೆ ಹಣೆ ಹಚ್ಚಿ ನಿಲ್ಲುತ್ತಾನೆ. ನಮ್ಮಿಬ್ಬರ ಜಗಳದಲ್ಲಿ ಅವನ ಟಪಾಲು ನಿಲ್ಲಿಸಬೇಡಿ. ನನ್ನ ಭಾಗ ಬರೆಯದಿದ್ದರೂ ನಡೆಯುತ್ತದೆ.

ನನ್ನ ಕಾಗದವೂ ಖಾರವಾಗಿತ್ತು. ಬರೆದ ಮಾತು ಸುಳ್ಳಲ್ಲ, ಬರೆದ ರೀತಿ ಚೆನ್ನಾಗಿರಲಿಲ್ಲ.

ನಿನ್ನೆ ಆಳಂದ, ಜೇವರ್ಗಿಯವರನ್ನೆಲ್ಲ ನಮ್ಮ ಹೊಲಕ್ಕೆ ಕರೆದಿದ್ದೆ. ಬರುತ್ತಾರೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಮೂರೂ ಮನೆಗಳಲ್ಲಿ ಪಾಳಿಯವರನ್ನು ಬಿಟ್ಟು ಉಳಿದವರು ಬಂದರು, ಯಶೋಧರಾ ಎಲ್ಲರಿಗಿಂತ ಹಿಂದೆ. ಭೂತಾಯಿಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಬಡಿಸಿದ ಮೇಲೆ ನಿಮ್ಮ ಉಡಿಯ ಅಕ್ಕಿಯಲ್ಲಿ ಮಾಡಿದ ಹುಗ್ಗಿ ಇಟ್ಟೆ. ಉಡಿ ಅಕ್ಕಿ ಮನೆಯವರೇ ಉಣ್ಣಬೇಕು, ಹೊರಗಿನವರಿಗೆ ಹಾಕಬಾರದು ಎಂದು ಅತ್ತೆ ಗೊಣಗಿದರು. ಇವರು ಮನೆಯವರೇ ಎಂದೆ. ಯಶೋಧರಾ ಉಂಡಳು. ಕೈ ತೊಳೆಯುವಾಗ ನನ್ನ ಪಕ್ಕಕ್ಕೆ ಬಂದು, "ಇನ್ನೊಂದ್ಸಾರಿ ಮೈಕು ಸಿಕ್ರ ನೀನೇ ಮೊದಲ ಹಿಡಿಬೇಕು ನೋಡು" ಎಂದಳು. ನನಗೆ ಅಷ್ಟೇ ಸಾಕಾಯಿತು.

ಕಲಬುರಗಿಗೆ ಹೋಗಿ ಜಿಲ್ಲಾ ಕಚೇರಿಯ ಮುಂದೆ ಕೂಡಬೇಕು, ಮಂಡಳಿಯವರು ಅಲ್ಲಿಗೆ ಬಂದು ಬರೆದುಕೊಡುವ ತನಕ ಏಳಬಾರದು ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಹೋಗುವುದು ಹೇಗೆ? ಕಾರ್ಖಾನೆಯಾದರೆ ಬೀಗ ಹಾಕಿ ಹೋಗಬಹುದು. ಅನೂಪನಂಥವರನ್ನು ಯಾರ ಕೈಗೆ ಕೊಟ್ಟು ಹೋಗೋಣ? ಹೊಸಬರ ಕೈಯಿಂದ ಒಬ್ಬರೂ ನೀರು ಕುಡಿಯುವುದಿಲ್ಲ. ನಾವು ಬಾಗಿಲು ಬಿಟ್ಟು ಕದಲುವುದಿಲ್ಲ ಎಂದು ಮಂಡಳಿಗೂ ಗೊತ್ತು, ಅದಕ್ಕೇ ಅವರು ಆರಾಮಾಗಿದ್ದಾರೆ. ಹೊಲದಲ್ಲಿ ಮಾತು ಇಲ್ಲಿಗೆ ಬಂದು ನಿಂತಿತು.

ಹವಳಗಾದವರು ಕಬ್ಬಿನ ಹಂಗಾಮು ಮುಗಿಯುವುದರೊಳಗೆ ಹೇಳು ಎಂದಿದ್ದಾರೆ. ನನ್ನ ಮಕ್ಕಳ ಫೀಸು, ಮನೆ ಎಲ್ಲ ಇದೆ ಅಕ್ಕೋರೇ. ಇಲ್ಲಿ ಏನೂ ಆಗದಿದ್ದರೆ ಹೋಗಲೇಬೇಕಾಗುತ್ತದೆ. ಅನೂಪನನ್ನು ಬಿಟ್ಟು ಹೋದರೆ ನನ್ನ ಕೈಗೆ ಕೆಲಸ ಹತ್ತುವುದಿಲ್ಲ ಎಂಬುದೂ ಖರೆ.

ನಿಮ್ಮ
ಬಸವೇಶ್ವರಿ


ಮಿರಜ
9 ಜನವರಿ 2025

ಚಿ. ಸೌ. ಬಸವೇಶ್ವರಿಗೆ ಆಶೀರ್ವಾದ.

ಅನೂಪಾ, ಟಪಾಲು ತಡವಾಯಿತು. ತಪ್ಪು ಅಮ್ಮನದು. ಅಮ್ಮ ಬರುತ್ತಾಳೆ. ವೃಂದಾ ಅಮ್ಮನನ್ನು ಕರೆದುಕೊಂಡು ಬರುತ್ತಾಳೆ. ಅಮ್ಮ ಬೇವಿನಮನೆಯಲ್ಲೇ ಮಲಗುತ್ತಾಳೆ. ಟಪಾಲು ಮುಗಿಯಿತು.

ಇಲ್ಲಿಂದ ಮುಂದೆ ನಿನಗೊಬ್ಬಳಿಗೆ. ಗೇಟಿಗೆ ಹಣೆ ಹಚ್ಚಿ ನಿಲ್ಲುತ್ತಾನೆ ಎಂದು ಓದಿದ ಮೇಲೆ ನನಗೆ ಇಲ್ಲಿ ಕೂಡಲು ಆಗಲಿಲ್ಲ. ಡಾಕ್ಟರು ಇನ್ನೂ ಒಂದು ತಿಂಗಳು ಎಂದರು. ಕೀಲು ನಿಮ್ಮದು, ಮಗ ನನ್ನವನು ಎಂದು ಒಪ್ಪಿಸಿದೆ.

ಬಸವೇಶ್ವರಿ, ನಾನು ಸೇವೆ ಸೇವೆ ಎಂದದ್ದು ಯಾಕೆ ಗೊತ್ತೇ? ನಿನಗೆ ಅವನು ಮೊದಲ ವಾರದಲ್ಲೇ ಹೆಸರಿಟ್ಟ. ನನಗೆ ಹೊಟ್ಟೆಕಿಚ್ಚಾಯಿತು. ಇವಳದು ಪ್ರೀತಿ, ತಾಯಿಯ ಹಾಗೆ ಬಿಟ್ಟಿಯಾಗಿ ಮಾಡುವ ಪ್ರೀತಿ ಎಂದು ಹೇಳಿಕೊಂಡರೆ ಸಹಿಸಬಹುದಿತ್ತು. ಪಗಾರಕ್ಕೆ ಬಂದವಳನ್ನು ಅವನು ನನಗಿಂತ ಹಚ್ಚಿಕೊಂಡಿದ್ದಾನೆ ಎಂದು ಒಪ್ಪಲು ಮನಸ್ಸಾಗಲಿಲ್ಲ. ಈಗ ಯೋಚಿಸಿದರೆ ಪಗಾರಕ್ಕೂ ಅವನು ಹಚ್ಚಿಕೊಳ್ಳುವುದಕ್ಕೂ ಸಂಬಂಧವೇ ಇಲ್ಲ. ನನ್ನ ಶಾಲೆಯ ಹುಡುಗಿಯರು ಇಂದಿಗೂ ದಾರಿಯಲ್ಲಿ ಕಂಡರೆ ಕಾಲು ಮುಟ್ಟುತ್ತಾರೆ, ನಾನು ಪೆನ್ಶನ್ ತೆಗೆದುಕೊಳ್ಳುತ್ತಲೇ ಇದ್ದೇನೆ.

ನಿಮ್ಮ ಮಾತು ನಿಂತದ್ದು ಯಾರ ಕೈಗೆ ಕೊಡೋಣ ಎಂಬಲ್ಲಿ ಅಲ್ಲವೇ? ನಮ್ಮ ಕೈಗೆ ಕೊಡಿ. ಹೊಸಬರ ಕೈಯಿಂದ ನೀರು ಕುಡಿಯುವುದಿಲ್ಲ, ನಾವು ಹೊಸಬರಲ್ಲವಲ್ಲ. ಆಳಂದದ ಸುಭದ್ರಾಬಾಯಿಗೆ ಫೋನು ಮಾಡಿದೆ, ಅವರ ಮಗನೂ ಅಲ್ಲಿಯ ಮನೆಯಲ್ಲಿದ್ದಾನೆ. ಅವರು ಉಳಿದ ಪಾಲಕರಿಗೆಲ್ಲ ಮಾಡಿದರು. ಕೆಲವರು ಬೈದರು, ಕೆಲವರು ಅತ್ತರು, ಹೆಚ್ಚಿನವರು ಬರುತ್ತೇವೆ ಎಂದರು. ನೀವು ಕಲಬುರಗಿಯಲ್ಲಿ ಕೂತಿರುವಷ್ಟು ದಿನ ಮೂರೂ ಮನೆಗಳಲ್ಲಿ ನಿಮ್ಮ ಪಾಳಿ ನಾವು ಮಾಡುತ್ತೇವೆ.

ನಾನು ಬರುವ ಮುಂಚೆ ರೊಟ್ಟಿ ಹಿಟ್ಟಿಗೆ ನೀರು ಎಷ್ಟು ಬಿಸಿ ಇರಬೇಕು ಎಂದು ಬರೆದು ಗೋಡೆಗೆ ಅಂಟಿಸಿಡು. ನಮ್ಮ ಮನೆಯಲ್ಲಿ ಚಪಾತಿಯದೇ ರೂಢಿ, ಜೋಳದ ರೊಟ್ಟಿ ನನ್ನ ಕೈಗೆ ಯಾವತ್ತೂ ಒಲಿದಿಲ್ಲ.

ನಿನ್ನ
ಉಮಾಬಾಯಿ


ಬೇವಿನಮನೆ, ಅಫಜಲಪುರ
30 ಜನವರಿ 2025

ಕಲಬುರಗಿಯಲ್ಲಿ ಚಾಪೆ ಹಾಸಿ ಕೂತಿರುವ ಚಿ. ಸೌ. ಬಸವೇಶ್ವರಿಗೆ, ನಿನ್ನ ಪಾಳಿಯಲ್ಲಿರುವ ಉಮಾಬಾಯಿಯ ಆಶೀರ್ವಾದ.

ಇದನ್ನು ಗುರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ನಿನ್ನ ಶಾಲೂ ಇದೆ, ನೀನು ಬಿಟ್ಟು ಹೋಗಿದ್ದೆ.

ನಾನು ಬಂದ ದಿನ ನೀವೆಲ್ಲ ಬಸ್ಸಿನ ಗಡಿಬಿಡಿಯಲ್ಲಿದ್ದಿರಿ, ಮುಂದೆ ನಡೆದದ್ದು ನಿನಗೆ ಗೊತ್ತಿಲ್ಲ. ಅನೂಪ ನನ್ನ ಮುಂದೆ ಬಂದು ನಿಂತು "ಟಪಾಲು" ಎಂದ. ನನ್ನ ಕಿವಿಯಿಂದ ಕೇಳಿದೆ. ಅಪ್ಪಿಕೊಳ್ಳಲು ಹೋದರೆ ನನ್ನ ಕೈ ಸರಿಸಿ ತನ್ನ ಅಂಗೈ ಚಾಚಿದ. ನನ್ನನ್ನು ಕರೆದದ್ದಲ್ಲ, ಕಾಗದ ಕೇಳಿದ್ದು. ಅಮ್ಮನೇ ಬಂದಿದ್ದೇನೆ, ಇನ್ನೇನು ಕಾಗದ ಎಂದರೆ ಗೇಟಿನ ಕಡೆ ತಿರುಗಿ ನಿಂತ. ಕೊನೆಗೆ ಅಡುಗೆಮನೆಯಲ್ಲಿ ಕೂತು, ಅನೂಪಾ, ಅಮ್ಮ ಬಂದಿದ್ದಾಳೆ, ಟಪಾಲು ಮುಗಿಯಿತು ಎಂದು ಬರೆದು ಲಕೋಟೆಗೆ ಹಾಕಿದೆ. ಕೋಲು ಹಿಡಿದು ಗೇಟಿನ ಹೊರಗೆ ಹೋಗಿ ಸರಳಿನ ಸಂದಿಯಿಂದ ಒಳಗೆ ಕೊಟ್ಟೆ. ತೆಗೆದುಕೊಂಡ, ಮೂಸಿದ, ನಾನು ಒಳಗೆ ಬರುವ ತನಕ ಕಾದು ನನ್ನ ಮಡಿಲಿಗೆ ಹಾಕಿದ. ಓದಿದೆ. ಆಮೇಲೆ ನನ್ನ ಪಕ್ಕದಲ್ಲೇ ಕೂತ. ವೃಂದಾ ನಗುತ್ತಾ ಅಳುತ್ತಿದ್ದಳು.

ಪಾಳಿಯ ಮಾತು ಕೇಳು. ಹೆತ್ತವರಾದ ನಾವು ನಮ್ಮ ನಮ್ಮ ಒಬ್ಬನನ್ನು ಬಲ್ಲೆವು. ನೀನು ಎಲ್ಲರನ್ನೂ ಒಟ್ಟಿಗೆ ನೋಡುತ್ತೀಯಲ್ಲ, ಅದು ನಮಗೆ ತಿಳಿದಿರಲಿಲ್ಲ. ಒಬ್ಬನಿಗೆ ಸ್ನಾನ ಮಾಡಿಸುವಾಗ ಇನ್ನೊಬ್ಬ ಬೀದಿಗೆ ನಡೆದುಬಿಡುತ್ತಾನೆ. ಅವನನ್ನು ಕರೆತರುವಷ್ಟರಲ್ಲಿ ಮೂರನೆಯವನು ಉಣ್ಣಲು ಕೂತ ತಟ್ಟೆ ಎಸೆದಿರುತ್ತಾನೆ. ಮಧ್ಯಾಹ್ನಕ್ಕೇ ಗೋಡೆಗೆ ಒರಗಿ ಕೂತುಬಿಟ್ಟೆ. ಆಳಂದದಿಂದ ಸುಭದ್ರಾಬಾಯಿ ಫೋನು ಮಾಡಿ, "ಅಕ್ಕೋರ, ಇದಕ್ಕ ಸೇವಾ ಅಂತ ಹೆಸರಿಟ್ಟು ನಾವು ಕೈ ತೊಳಕೊಂಡಿದ್ವಿ ನೋಡ್ರಿ" ಎಂದರು.

ರೊಟ್ಟಿಯ ಸುದ್ದಿ ಕೇಳಬೇಡ. ಗೋಡೆಗೆ ಅಂಟಿಸಿದ್ದನ್ನು ಓದಿಯೇ ಮಾಡಿದೆ, ಅಂಚು ಒಡೆದು ನಕ್ಷೆಯಾಯಿತು. ಅನೂಪ ಹಲಗೆಗೆ ಅಂಗೈ ಊರಿದ, ನನ್ನ ಬಡಿತ ಕೇಳಿ ಕೈ ತೆಗೆದುಬಿಟ್ಟ. ಮೂರನೇ ದಿನ ಮತ್ತೆ ಇಟ್ಟಿದ್ದಾನೆ. ತೆಗೆದಿಲ್ಲ.

ನಿನ್ನೆ ದೌಲತರಾಯರು ಬಂದರು. ಅನೂಪ "ಕಾರು" ಎಂದು ಒಳಗೆ ಕರೆತಂದ. ಹೆತ್ತವರೇ ಹೀಗೆ ನಿಂತರೆ ಮನೆ ಮುಚ್ಚಬೇಕಾಗುತ್ತದೆ ಎಂದು ನೊಂದುಕೊಂಡರು. ಅವರು ಕೆಟ್ಟವರಲ್ಲ ಬಸವೇಶ್ವರಿ. ಯಾರೂ ಬಾಗಿಲು ತೆರೆಯದಾಗ ತೆರೆದವರು. ಆದರೆ ಆ ಉಡಿಯ ಮಾತನ್ನು ಅವರು ಮತ್ತೆ ಎತ್ತಿದರು. ಉಡಿ ತುಂಬಿ ಗೌರವಿಸಿದ್ದೇವಲ್ಲ ಎಂದರು. ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ.

"ಉಡಿ ತುಂಬಿದಾಕಿ ನಾ ರಿ, ಮಂಡಳಿ ಅಲ್ಲ. ತವರಿನವರು ಮಗಳಿಗೆ ಉಡಿ ತುಂಬ್ತಾರ. ಹಂಗಂತ ಆಕಿ ದುಡಿದದ್ದು ಆಕಿಗೆ ಕೊಡಬ್ಯಾಡ್ರಿ ಅಂತ ಯಾ ತವರಿನವರು ಹೇಳ್ತಾರ? ನಾ ಆಕಿ ತವರು. ಆಕಿ ಪಗಾರ ಕೇಳಾಕತ್ತೇನಿ."

ಅವರು ಕುರ್ಚಿಯಲ್ಲಿ ಕೂತು ನನ್ನ ಒಡಕು ರೊಟ್ಟಿಯನ್ನೇ ನೋಡಿದರು. ಹೆತ್ತವರೂ ಕೈಲಾದಷ್ಟು ಹೆಚ್ಚು ಕೊಡುತ್ತೇವೆ, ಸರ್ಕಾರದ ನೆರವು ಕೇಳಲು ನಿಮ್ಮ ಜೊತೆ ಬಾಗಿಲಿಂದ ಬಾಗಿಲಿಗೆ ಬರುತ್ತೇವೆ, ಆದರೆ ಈ ದುಡಿಯುವ ಹೆಂಗಸರ ಬೆನ್ನ ಮೇಲೆ ಮನೆ ನಡೆಯುವುದು ಬೇಡ ಎಂದೆ. ಒಂದು ರೊಟ್ಟಿ ತಿಂದು, ಮಂಡಳಿಯವರನ್ನು ಕರೆದುಕೊಂಡು ಶನಿವಾರ ಕಲಬುರಗಿಗೆ ಬರುತ್ತೇನೆ ಎಂದು ಹೇಳಿ ಹೋದರು. ಮೈಕು ನಿನ್ನ ಕೈಯಲ್ಲೇ ಇರಲಿ. ಸೀರೆಯನ್ನು ಹಠಕ್ಕೆ ಉಡಬೇಡ, ಇಷ್ಟವಿದ್ದಾಗ ಉಡು.

ಅವರು ಬರೆದುಕೊಡುವ ತನಕ ಎದ್ದು ಬರಬೇಡ. ಸಂಜೆಯಾದರೆ ಅನೂಪ ನಿನ್ನ ಹಲಗೆಯ ಮುಂದೆ ಕೂತು "ರೊಟ್ಟಿ" ಎನ್ನುತ್ತಾನೆ, ಒಲೆಯ ಮೇಲೆ ರೊಟ್ಟಿ ಇದ್ದರೂ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ. ಆದರೂ ಬರಬೇಡ.

ನಿನ್ನ
ಉಮಾಬಾಯಿ


ಕರಜಗಿ
10 ಮಾರ್ಚ್ 2025, ಸೋಮವಾರ

ಪೂಜ್ಯ ಅಕ್ಕೋರಿಗೆ ಶರಣು.

ಇದು ನಿಮ್ಮ ಕೈಗೆ ಬರುವ ಹೊತ್ತಿಗೆ ನಾನೇ ನಿಮ್ಮ ಎದುರಿಗೆ ಇರುತ್ತೇನೆ. ಆದರೂ ಪೋಸ್ಟಿಗೆ ಹಾಕುತ್ತಿದ್ದೇನೆ. ಕಟ್ಟೆಯ ಮೇಲೆ ಕೂತು ನೀವು ಓದಬೇಕು, ನಾನು ಒಳಗೆ ರೊಟ್ಟಿ ಬಡಿಯುತ್ತಾ ಕೇಳಬೇಕು ಎಂದು ಆಸೆ.

ಇಂದು ನನ್ನ ಮೊದಲ ವಾರದ ರಜೆ. ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು ಬಟ್ಟೆ ಒಗೆದೆ, ಮಕ್ಕಳ ತಲೆ ನೋಡಿದೆ, ಮತ್ತೆ ಮಲಗಿದೆ. ಮೈಗೆ ಹುಷಾರಿಲ್ಲವೇ ಎಂದು ಅತ್ತೆ ಹಣೆ ಮುಟ್ಟಿದರು. ಮಂಡಳಿಯವರು ಒಪ್ಪಿದ್ದರಲ್ಲಿ ಎಲ್ಲವೂ ಬಂದಿಲ್ಲ. ದವಾಖಾನೆ ಖರ್ಚಿನದು ಇನ್ನೂ ಮಾತಿನಲ್ಲೇ ಇದೆ, ಬಿಡುವುದಿಲ್ಲ ಎಂದು ಯಶೋಧರಾ ಹೇಳುತ್ತಾಳೆ. ಆದರೆ ನಮ್ಮನ್ನು ಕೆಲಸಗಾರರು ಎಂದು ಬರೆದಿದ್ದಾರೆ, ಪಗಾರ ಪಗಾರವಾಗಿಯೇ ಬಂತು. ಪಗಾರದ ದಿನ ಹಸಿರು ಸೀರೆ ಉಟ್ಟಿದ್ದೆ. ಹವಳಗಾಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ರೊಟ್ಟಿ ಮಾಡುವವರು ಅವರಿಗೆ ಬೇಕಾದಷ್ಟು ಸಿಗುತ್ತಾರೆ ಎಂದು ಗುರಣ್ಣ ಹೇಳಿದರು. ನನಗೆ ಅನೂಪನಂಥವನು ಬೇರೆಲ್ಲಿ ಸಿಗಬೇಕು.

ನೀವು ಬೇವಿನಮನೆಯ ಓಣಿಯಲ್ಲೇ ಮನೆ ಹಿಡಿದು ಸೋಮವಾರದ ಪಾಳಿ ನನ್ನದು ಎಂದು ಹಠ ಹಿಡಿದಿರಿ. ಅದಕ್ಕೂ ಪಗಾರ ತೆಗೆದುಕೊಳ್ಳಿ, ನಾಚಿಕೆ ಪಡಬೇಡಿ.

ಇನ್ನು ಅನೂಪನ ಭಾಗ. ನಿಧಾನವಾಗಿ ಓದಿ.

ಅನೂಪಾ, ರೊಟ್ಟಿ ಸೋಮವಾರ ಕರಜಗಿಯಲ್ಲಿ ಇರುತ್ತಾಳೆ. ರೊಟ್ಟಿಗೆ ಸೋಮವಾರ ರಜೆ. ಸೋಮವಾರ ಟಪಾಲು ರೊಟ್ಟಿ ಬಡಿಯುತ್ತಾಳೆ. ಅಂಚು ಒಡೆಯುತ್ತದೆ. ಒಡೆದರೂ ತಿನ್ನಬಹುದು. ರೊಟ್ಟಿ ಸೋಮವಾರ ಹೋಗುತ್ತಾಳೆ. ರೊಟ್ಟಿ ಮಂಗಳವಾರ ಬರುತ್ತಾಳೆ. ಟಪಾಲು ಮುಗಿಯಿತು.

ಬಸವೇಶ್ವರಿ